ಸುಗ್ರಾಬಿ ಮಿಷನ್ ತುಳಿಯದ ಎರಡು ತಿಂಗಳು

ಹರಿಹರದಲ್ಲಿ ಫ್ಯಾಕ್ಟರಿಗೆ ಹೋಗುವ ರಸ್ತೆಯ ಪಕ್ಕದ ಓಣಿಯಲ್ಲಿ ಅಲ್ಲಾಬಕ್ಷನ ಸೈಕಲ್ ಶಾಪು ಇತ್ತು. ಶಾಪಿನ ಹಿಂದೆಯೇ ಮನೆ. ಮನೆಯ ಪಡಸಾಲೆಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ, ಅವನ ಹೆಂಡತಿ ಸುಗ್ರಾಬಿಯ ಹೊಲಿಗೆ ಮಿಷನ್ನು. ಮುಂದೆ ಗಂಡ ಪಂಪು ಒತ್ತಿ ಗಾಳಿ ಹೊಡೆಯುವ ಸದ್ದು, ಹಿಂದೆ ಹೆಂಡತಿ ಮಿಷನ್ ತುಳಿಯುವ ಸದ್ದು. ಇವೆರಡರಲ್ಲಿ ಒಂದು ನಿಂತರೂ ಎದುರು ಮನೆಯವರು ಬಾಗಿಲಿಗೆ ಬಂದು ನೋಡುತ್ತಿದ್ದರು.

ಸುಗ್ರಾಬಿ ಜಂಪರ್, ಅಂದರೆ ರವಿಕೆ, ಹೊಲಿಯುವುದರಲ್ಲಿ ಹೆಸರು ಮಾಡಿದವಳು. ಅಳತೆಗೆ ಟೇಪು ಹಿಡಿಯುತ್ತಿದ್ದಳು ನಿಜ. ಆದರೆ ಹೆಂಗಸು ಹೊಸ್ತಿಲು ದಾಟಿ ಒಳಗೆ ಬರುವಷ್ಟರಲ್ಲಿ ಅವಳ ಕಣ್ಣು ಅರ್ಧ ಅಳತೆ ಮುಗಿಸಿರುತ್ತಿತ್ತು. "ಹೋದ ಸಲಕ್ಕಿಂತ ಒಂದಿಂಚು ಜಾಸ್ತಿ ಆಗೀರಿ" ಎಂದು ಮುಖದ ಮೇಲೆಯೇ ಹೇಳುವಳು. ಹೇಳಿಸಿಕೊಂಡವರು ಸಿಟ್ಟಾಗಿ ಹೋಗುತ್ತಿದ್ದರು, ಬಟ್ಟೆ ಮಾತ್ರ ಅವಳ ಹತ್ತಿರವೇ ಬಿಟ್ಟು ಹೋಗುತ್ತಿದ್ದರು.

1979ರ ಏಪ್ರಿಲ್ ಅದು. ಮದುವೆಯ ಕಾಲ. ಅವಳ ಮನೆಯಲ್ಲಿ ನಲವತ್ತಕ್ಕೂ ಹೆಚ್ಚು ಜಂಪರುಗಳ ಬಟ್ಟೆ ಗಂಟು ಕಟ್ಟಿ ಬಿದ್ದಿತ್ತು. ಅದರಲ್ಲಿ ಆರು ನನ್ನ ಅಕ್ಕನ ಮದುವೆಯವು. ಹೀಗಾಗಿ ಮುಂದೆ ನಡೆದದ್ದರಲ್ಲಿ ನಮ್ಮ ಮನೆಯವರದೂ ಒಂದಿಷ್ಟು ತಪ್ಪಿದೆ. ಅದನ್ನು ಮೊದಲೇ ಒಪ್ಪಿಕೊಂಡು ಹೇಳುತ್ತೇನೆ.

ಸುಗ್ರಾಬಿಗೆ ಆಗ ಇಪ್ಪತ್ತಾರು. ಮದುವೆಯಾಗಿ ಆರು ವರ್ಷ, ಮಕ್ಕಳಾಗಿರಲಿಲ್ಲ. ಆ ತಿಂಗಳು ಅವಳಿಗೆ ದಿನ ತಪ್ಪಿತ್ತು. ಹಿಂದಿನ ಮುಟ್ಟಿನಿಂದ ಲೆಕ್ಕ ಹಾಕಿಕೊಂಡರೆ ನಲವತ್ತೊಂಬತ್ತು ದಿನ. ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಅದಕ್ಕೆ ಕಾರಣ ಅತ್ತೆ ಬೀಬಿಜಾನ್. ಹಿಂದೆ ಎರಡು ಸಲ ಸುಗ್ರಾಬಿ "ಯಾಕೋ ಹತ್ತು ದಿನ ಮುಂದೆ ಹೋಗೈತೆ ಅಮ್ಮೀ" ಎಂದು ಬಾಯಿ ಬಿಟ್ಟಿದ್ದಳು. ಎರಡು ಸಲವೂ ಬೀಬಿಜಾನ್ ತಟ್ಟೆ ತುಂಬ ಸಕ್ಕರೆ ಹಿಡಿದು ಓಣಿಯ ಮನೆ ಮನೆಗೆ ಹಂಚಿ ಬಂದಿದ್ದಳು. ಎರಡು ಸಲವೂ ಮಾರನೆಯ ವಾರ ವಿಷಯ ಸುಳ್ಳಾಗಿತ್ತು. ಸಕ್ಕರೆ ತಿಂದವರು "ಏನಾತವ್ವಾ?" ಎಂದು ಕೇಳುವಾಗ ಸುಗ್ರಾಬಿಗೆ ಭೂಮಿಗಿಳಿದು ಹೋದಂತಾಗಿತ್ತು. ಈ ಸಲ ಎರಡು ತಿಂಗಳು ತುಂಬಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು.

ಅವತ್ತು ಬೆಳಿಗ್ಗೆ ಕೆಳಹೊಟ್ಟೆಯಲ್ಲಿ ಒಂದು ಕಡೆ ಸುರುವಾದ ನೋವು ಹತ್ತು ಗಂಟೆಯ ಹೊತ್ತಿಗೆ ತಡೆಯದಂತಾಯಿತು. ಬೀಬಿಜಾನ್ ಅದು ವಾಯು ಎಂದು ಓಮಿನ ಕಾಳು ಕುದಿಸಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಹೆಗಲ ತುದಿಯೂ ನೋಯತೊಡಗಿತು.

"ಅದಾ, ಮಿಷನ್ ತುಳಿದು ತುಳಿದು ಹೆಗಲು ಹಿಡಕೊಂಡೈತೆ" ಎಂದಳು ಬೀಬಿಜಾನ್.

"ತುಳಿಯೋದು ಕಾಲಿನಾಗೆ ಅಮ್ಮೀ" ಎಂದು ಸುಗ್ರಾಬಿ ಹೇಳಿದಳು. ಹೇಳಿದವಳೇ ಎದ್ದು ನಿಂತಳು, ಹಾಗೆಯೇ ಕುಸಿದು ಬಿದ್ದಳು. ಮುಖ ಸುಣ್ಣದ ಗೋಡೆಯಂತೆ ಬಿಳುಪೇರಿತ್ತು.

ಓಣಿಯ ತುದಿಯ ಡಾಕ್ಟರು ಓಡಿ ಬಂದರು. ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. "ಹೊಟ್ಟೆ ಒಳಗೆ ರಕ್ತ ಹೋಗ್ತಾ ಐತೆ. ಈಗಿಂದೀಗ್ಲೇ ದಾವಣಗೆರೆಗೆ ನಡೀರಿ. ಬಸ್ಸು ಗಿಸ್ಸು ಕಾಯಬ್ಯಾಡ್ರಿ" ಎಂದರು.

ಎದುರಿನ ಅಂಗಡಿಯ ಮುಂದೆ ಗಿಡ್ಡಪ್ಪನ ಮೆಟಡೋರ್ ನಿಂತಿತ್ತು. ಗಿಡ್ಡಪ್ಪ ಹೆಸರಿಗೆ ಮಾತ್ರ ಗಿಡ್ಡ. ಆರಡಿ ಎತ್ತರ, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಕತ್ತಲಾಗುವಷ್ಟು ಅಗಲ. ದಾವಣಗೆರೆಯ ಭಟ್ಟಿಗಳಿಂದ ಮಂಡಕ್ಕಿ ಚೀಲ ತಂದು ಹರಿಹರದ ಅಂಗಡಿಗಳಿಗೆ ಹಾಕುವುದು ಅವನ ಕೆಲಸ. ತಾಯಿ ಮರುಳಸಿದ್ದಮ್ಮನೊಂದಿಗೆ ಅಲ್ಲಾಬಕ್ಷನ ಮನೆಯಿಂದ ಮೂರನೆಯ ಮನೆಯಲ್ಲೇ ಇದ್ದ. ಅರ್ಧ ಲೋಡು ಇನ್ನೂ ಗಾಡಿಯಲ್ಲಿತ್ತು. ಅದನ್ನು ಇಳಿಸಲು ಯಾರೂ ಕಾಯಲಿಲ್ಲ. ಸುಗ್ರಾಬಿಯನ್ನು ಮಂಡಕ್ಕಿ ಚೀಲಗಳ ಮೇಲೆಯೇ ಮಲಗಿಸಿದರು. ಅಲ್ಲಾಬಕ್ಷ ಅವಳ ತಲೆ ಹಿಡಿದು ಕೂತ.

ಮಂಡಕ್ಕಿ ಹಗುರ, ತಾಡಪಾಲು ಹಾರುತ್ತದೆ ಎಂದು ಗಿಡ್ಡಪ್ಪ ಯಾವತ್ತೂ ಗಾಡಿಯನ್ನು ಮೂವತ್ತರ ಮೇಲೆ ಬಿಟ್ಟವನಲ್ಲ. ಅವತ್ತು ಪಿ.ಬಿ. ಹೆದ್ದಾರಿಯಲ್ಲಿ ಲಾರಿಗಳನ್ನೇ ಹಿಂದೆ ಹಾಕಿದ. ಎಲ್ಲೋ ಒಂದು ಚೀಲದ ಬಾಯಿ ಬಿಚ್ಚಿ ದಾವಣಗೆರೆಯವರೆಗೂ ರಸ್ತೆಯ ಮೇಲೆ ಮಂಡಕ್ಕಿ ಚೆಲ್ಲಿತಂತೆ. ಯಾರದೋ ದೊಡ್ಡ ಮನುಷ್ಯರ ಶವಯಾತ್ರೆ ಹೋಗಿರಬೇಕೆಂದು ಎದುರು ಬಂದ ಬಸ್ಸಿನವರು ಟೋಪಿ ತೆಗೆದು ಕೈ ಮುಗಿದರಂತೆ. ಈ ಮಾತನ್ನು ಗಿಡ್ಡಪ್ಪ ತಿಂಗಳುಗಟ್ಟಲೆ ತಾಯಿಗೂ ಹೇಳಲಿಲ್ಲ, ಅಪಶಕುನವೆಂದು.

ಎಂ.ಸಿ.ಸಿ. ಬಡಾವಣೆಯ ನರ್ಸಿಂಗ್ ಹೋಮಿನಲ್ಲಿ ಒಬ್ಬರು ಲೇಡಿ ಡಾಕ್ಟರಿದ್ದರು. ಐವತ್ತರ ಆಸುಪಾಸು, ಮಾತು ಕಡಿಮೆ. ಒಳಗೆ ಪರೀಕ್ಷೆ ಮಾಡಿ ಹೊರಗೆ ಬಂದು ಅಲ್ಲಾಬಕ್ಷನಿಗೆ, "ನಿಮ್ಮ ಹೆಂಡತಿ ಬಸುರಿ" ಎಂದರು. ಉಸಿರು ತಗೊಂಡು, "ಆದರೆ ಬಸಿರು ಗರ್ಭಕೋಶದಲ್ಲಿ ನಿಂತಿಲ್ಲ. ಪಕ್ಕದ ಟ್ಯೂಬಿನಲ್ಲಿ ನಿಂತು ಬೆಳೆದಿದೆ, ಟ್ಯೂಬ್ ಒಡೆದಿದೆ. ಆ ಮಗು ಉಳಿಯೋದಿಲ್ಲ. ತಾಯಿ ಉಳಿಯಬೇಕಾದರೆ ಈಗಲೇ ಆಪರೇಷನ್ ಆಗಬೇಕು, ಸಹಿ ಹಾಕಿ" ಎಂದರು. ಅಲ್ಲಾಬಕ್ಷ ಸಹಿ ಹಾಕಿದ. ತನ್ನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿದ್ದು ಅವನಿಗೆ ಗೊತ್ತಾಗಲಿಲ್ಲ.

ರಕ್ತ ಬೇಕಿತ್ತು. ಅಲ್ಲಾಬಕ್ಷ ತೋಳು ಚಾಚಿದ. ಅವನದು ಕೂಡಲಿಲ್ಲ. ಗಿಡ್ಡಪ್ಪ ಆ ಹೊತ್ತಿಗೆ ಗೇಟಿನವರೆಗೆ ಹೋಗಿದ್ದ. ಸೂಜಿ ಎಂದರೆ ಅವನಿಗೆ ಪ್ರಾಣಭಯ. ನರ್ಸು ಕರೆತಂದು ಪರೀಕ್ಷೆ ಮಾಡಿದರೆ ಅವನ ರಕ್ತ ಸರಿಯಾಗಿ ಕೂಡಿತು.

"ಅಕ್ಕಂಗೆ ಎಷ್ಟು ಬೇಕೋ ಅಷ್ಟು ತಗೊಳ್ರಿ. ಯಾವಾಗ ಚುಚ್ತೀರಿ ಅಂತ ಮಾತ್ರ ನಂಗೆ ಹೇಳಬ್ಯಾಡ್ರಿ" ಎಂದು ಗಿಡ್ಡಪ್ಪ ಕಣ್ಣು ಮುಚ್ಚಿ ಮಲಗಿದ. ಗಂಡಸಿನಂತೆ ಕೊಟ್ಟ. ಎಲ್ಲ ಮುಗಿದು, ಹತ್ತಿ ಒತ್ತಿದ ಮೇಲೆ ಎದ್ದು ನಿಂತು ತುಂಬಿದ ಬಾಟಲಿಯನ್ನು ನೋಡಿದ. ನೋಡಿದವನೇ ಕಡಿದ ಮರದಂತೆ ಬಿದ್ದ. ಇಬ್ಬರು ನರ್ಸು, ಒಬ್ಬ ಕಂಪೌಂಡರು ಸೇರಿ ಎತ್ತಲಾರದೆ ಅವನಿದ್ದಲ್ಲೇ ತಲೆದಿಂಬು ಕೊಟ್ಟರು.

ಆಪರೇಷನ್ ಮುಗಿಸಿ ಡಾಕ್ಟರು ಹೊರಗೆ ಬಂದಾಗ ಮಧ್ಯಾಹ್ನ ಎರಡು. "ಅಪಾಯ ದಾಟಿದೆ. ಒಂದು ಟ್ಯೂಬ್ ತೆಗೆದುಹಾಕಿದೀನಿ" ಎಂದರು.

ಅಲ್ಲಾಬಕ್ಷ ಎರಡು ಹೆಜ್ಜೆ ಮುಂದೆ ಬಂದ. "ಪ್ಯಾಚ್ ಹಾಕೋಕೆ ಆಗ್ತಿರಲಿಲ್ವಾ, ಅಮ್ಮಾರೇ?" ಎಂದು ಕೇಳಿದ.

ಡಾಕ್ಟರು ಅವನ ಮುಖ ನೋಡಿದರು. ತಮಾಷೆಯ ಸುಳಿವೂ ಇರಲಿಲ್ಲ. ಇಪ್ಪತ್ತು ವರ್ಷ ಟ್ಯೂಬಿಗೆ ಪ್ಯಾಚ್ ಹಾಕಿದವನು ಕೇಳಬೇಕಾದ್ದನ್ನೇ ಕೇಳಿದ್ದ.

"ಪೂರಾ ಹರಿದಿತ್ತಪ್ಪ" ಎಂದರು ಮೆತ್ತಗೆ. "ಇನ್ನೊಂದು ಇದೆ. ಅದು ಚೆನ್ನಾಗಿದೆ."

"ಒಂದರ ಮೇಲೆ ನಡೀತೈತಾ?"

"ನಡೆಯತ್ತೆ."

ಒಂದೇ ಚಕ್ರದ ಸೈಕಲ್ಲನ್ನು ಅಲ್ಲಾಬಕ್ಷ ಸರ್ಕಸ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಆದರೂ ಆ ಹೆಂಗಸಿನ ಮಾತನ್ನು ನಂಬಿದ.

ಹನ್ನೆರಡನೆಯ ದಿನ ಸುಗ್ರಾಬಿಯನ್ನು ಮನೆಗೆ ಕಳಿಸಿದರು. ನೀರು ಹೊರಬಾರದು, ಎರಡು ತಿಂಗಳು ಮಿಷನ್ ತುಳಿಯಬಾರದು, ಒಂದು ವಾರದ ಮೇಲೆ ದಿನಾ ಅರ್ಧ ಗಂಟೆ ನಡೆಯಬೇಕು, ರಕ್ತ ಕೂಡಲು ಸೊಪ್ಪು, ಕುರಿಯ ಲಿವರು ಅಂದರೆ ಕಾರ್ಜ, ಕಬ್ಬಿಣದ ಗುಳಿಗೆ. ಕೆಮ್ಮುವಾಗ, ಸೀನುವಾಗ, ನಗುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು. ಕೆಮ್ಮು ಸೀನುಗಳನ್ನು ಬೀಬಿಜಾನ್ ಕಿವಿಗೇ ಹಾಕಿಕೊಳ್ಳಲಿಲ್ಲ. ನಗು ಎಂಬ ಒಂದೇ ಮಾತನ್ನು ಹಿಡಿದಳು. "ಈ ಮನೆಯಾಗೆ ಎರಡು ತಿಂಗಳು ಯಾರೂ ನಗಿಸಂಗಿಲ್ಲ" ಎಂದು ಸಾರಿದಳು. ಬಾಗಿಲಲ್ಲಿ ಕೂತು, ಬಂದವರಿಗೆಲ್ಲ "ಅಳುಮೋರೆ ಹಾಕ್ಕೊಂಡು ಹೋಗ್ರಿ ಒಳಗೆ" ಎನ್ನುತ್ತಿದ್ದಳು.

ಬಂದವರಿಗೇನು ಕೊರತೆ? ನಲವತ್ತು ಜಂಪರುಗಳ ಒಡತಿಯರೆಲ್ಲ ರೋಗಿಯನ್ನು ನೋಡಲು ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದು ಬ್ರೆಡ್ಡು, ನಾಲ್ಕು ಮೋಸಂಬಿ. ಮಂಚದ ಪಕ್ಕ ಕೂತು "ಹೆಂಗಿದ್ದೀಯವ್ವಾ? ಬಾಳ ಇಳಿದು ಹೋಗೀಯಲ್ಲ" ಎಂದು ನಿಟ್ಟುಸಿರು. ಆಮೇಲೆ ಮೂಲೆಯ ಬಟ್ಟೆ ಗಂಟಿನ ಕಡೆ ಒಂದು ನೋಟ. ಆಮೇಲೆ "ಅಂದಂಗೆ..."

ಆ "ಅಂದಂಗೆ" ಎಷ್ಟು ಹೊತ್ತಿಗೆ ಬರುತ್ತದೆ ಎಂದು ಸುಗ್ರಾಬಿ ಗಡಿಯಾರ ನೋಡತೊಡಗಿದಳು. ಕೆಲವರಿಗೆ ಎರಡು ನಿಮಿಷ, ಮರ್ಯಾದಸ್ತರಿಗೆ ಹತ್ತು. ಎಲ್ಲರಿಗಿಂತ ಹೆಚ್ಚು ತಡೆದವಳು ನನ್ನ ತಾಯಿ. ಅರ್ಧ ಗಂಟೆ ಕೂತರೂ ಜಂಪರಿನ ಸುದ್ದಿ ಎತ್ತಲಿಲ್ಲ. ಮೋಸಂಬಿ ಸುಲಿದು ಕೊಟ್ಟಳು, ಕಾಲೊತ್ತಿದಳು, "ಬಟ್ಟೆ ಗಿಟ್ಟೆ ತಲೇಲಿ ಇಟ್ಕೋಬ್ಯಾಡ, ಜೀವ ಮುಖ್ಯ" ಎಂದಳು. ಸುಗ್ರಾಬಿಗೆ ಕಣ್ಣು ತುಂಬಿ ಬಂತು. ತಾಯಿ ಎದ್ದಳು, ಬಾಗಿಲವರೆಗೆ ಹೋದಳು, ಚಪ್ಪಲಿ ಮೆಟ್ಟಿದಳು. ಆಮೇಲೆ ತಿರುಗಿ ನೋಡಿ, "ಆ ಹಸಿರು ಜರಿದಕ್ಕೆ ಪಫ್ ತೋಳು ಅಂತ ಹೇಳಿದ್ದೆ, ನೆನಪೈತಲ್ಲ?" ಎಂದಳು.

ಸುಗ್ರಾಬಿ ನಕ್ಕಳು. ದಿಂಬು ಸಿಗಲಿಲ್ಲ. ನಗು ಹೊಲಿಗೆಯವರೆಗೆ ಹೋಗಿ ಮುಟ್ಟಿ "ಅಯ್ಯಯ್ಯೋ" ಎಂದು ಕಿರುಚಿದಳು. ನೋವಿಗೆ ಅಳು, ತಾನು ಅಳುವುದು ನೋಡಿ ಮತ್ತೆ ನಗು. ಬೀಬಿಜಾನ್ ಓಡಿ ಬಂದು ನನ್ನ ತಾಯಿಯ ಮೇಲೆ ಹರಿಹಾಯ್ದಳು. "ಏನು ಅಂದ್ರಿ ನನ್ನ ಸೊಸಿಗೆ?" ತಾಯಿ ಮನೆಗೆ ಬಂದು, "ನಾನೇನೂ ಅನ್ಲೇ ಇಲ್ಲ" ಎಂದು ಎರಡು ದಿನ ಹೇಳಿಕೊಂಡಳು.

ಇನ್ನೊಂದು ಗಲಾಟೆ ಕಾರ್ಜದ್ದು. ಬೀಬಿಜಾನ್ ಮೆಣಸು ಹಾಕಿ ಹುರಿದು ತಂದಿಟ್ಟರೆ ಸುಗ್ರಾಬಿಗೆ ವಾಸನೆಗೇ ವಾಂತಿ ಬರುವಂತಾಗುತ್ತಿತ್ತು. ಸಾರಿನ ಮಾಂಸವೂ ಬೇಡ. ಮೊಸರನ್ನ, ಹೆಸರುಬೇಳೆ, ಅಷ್ಟೇ. ಔಷಧಿಗಳ ಪ್ರಭಾವ ಅದು. ಆದರೆ ಬೀಬಿಜಾನ್‌ಗೆ ಮೂರನೆಯ ದಿನ ಬೇರೆಯೇ ಹೊಳೆಯಿತು. ಸೀದಾ ಮರುಳಸಿದ್ದಮ್ಮನ ಮನೆಗೆ ಹೋದಳು.

"ನಿನ್ನ ಮಗ ಯಾವತ್ತಾರ ಮಾಂಸ ತಿಂದಾನೇನು?"

"ಶಿವಶಿವಾ! ಲಿಂಗ ಕಟ್ಟಿದ ಮೈ ಅದು. ತತ್ತಿ ಸೈತ ಮುಟ್ಟಿಲ್ಲ."

"ಅದಕ್ಕೇ!" ಎಂದು ಬೀಬಿಜಾನ್ ಹಣೆ ಹಣೆ ಬಡಿದುಕೊಂಡಳು. "ಅವನ ರಕ್ತ ನಮ್ಮ ಹುಡುಗಿ ಮೈಯಾಗೆ ಕಾರ್ಜ ಬ್ಯಾಡ ಅಂತೈತೆ!"

ಗಿಡ್ಡಪ್ಪ ಇದನ್ನು ಕೇಳಿ ಹೆದರಿದ. ತನ್ನಿಂದ ಸುಗ್ರಾಬಿಯ ಊಟ ಕೆಟ್ಟಿತು ಎಂದು ದಿನಾ ಸಂಜೆ ಬಾಗಿಲಲ್ಲಿ ನಿಂತು "ಇವತ್ತು ತಿಂದ್ರಾ?" ಎಂದು ವಿಚಾರಿಸುತ್ತಿದ್ದ. ಬರುವಾಗ ಬೀಟ್‌ರೂಟು, ಪಾಲಕ್ಕು, ಅಂಜೂರ. ಹೋಗುವಾಗ ಸುಗ್ರಾಬಿಯ ಮೈಬಣ್ಣವನ್ನು, ಬಾಡಿಗೆಗೆ ಕೊಟ್ಟ ಮನೆ ನೋಡುವವನಂತೆ, ಒಂದು ಸಲ ಪರೀಕ್ಷಿಸಿ ಹೋಗುತ್ತಿದ್ದ. ಎಂಟು ದಿನಕ್ಕೆ ಸುಗ್ರಾಬಿಗೆ ತಾನಾಗಿಯೇ ಬಾಯಿ ರುಚಿ ಬಂತು. ಅವತ್ತು ಅವಳು ಎರಡು ಸಲ ಕಾರ್ಜ ಹಾಕಿಸಿಕೊಂಡು ತಿಂದಳು. ಗಿಡ್ಡಪ್ಪನ ರಕ್ತ ಒಗ್ಗಿತು ಎಂದು ಬೀಬಿಜಾನ್ ಓಣಿಗೆಲ್ಲ ತಿಳಿಸಿದಳು. ಮರುಳಸಿದ್ದಮ್ಮನಿಗೆ ಮಾತ್ರ ಅದನ್ನು ಯಾವ ಮುಖದಲ್ಲಿ ಕೇಳಿಸಿಕೊಳ್ಳಬೇಕೋ ತಿಳಿಯಲಿಲ್ಲ.

ಇಷ್ಟೆಲ್ಲ ಜನ, ಇಷ್ಟೆಲ್ಲ ಮಾತು. ಎಲ್ಲರೂ ಕೊನೆಗೆ ಹೇಳುತ್ತಿದ್ದದ್ದು ಒಂದೇ: "ಜೀವ ಉಳೀತಲ್ಲ, ಅಷ್ಟು ಸಾಕು ಬಿಡು." ಒಬ್ಬಳು, "ಅದೇನು ಕೂಸಲ್ಲವ್ವಾ, ರಕ್ತದ ಗಂಟು" ಎಂದೂ ಹೇಳಿದಳು. ಸುಗ್ರಾಬಿ ಎಲ್ಲದಕ್ಕೂ ಹೂಂ ಎನ್ನುತ್ತಿದ್ದಳು. ಜೀವ ಉಳಿದದ್ದು ಸುಳ್ಳಲ್ಲ. ಆದರೆ ಮೂರು ವಾರ ತಾನೊಬ್ಬಳೇ ಬಚ್ಚಿಟ್ಟುಕೊಂಡ ಖುಷಿಯನ್ನು ಈಗ ಯಾರ ಮುಂದೆ ಇಡುವುದು? ಇತ್ತು ಎಂದೇ ಯಾರಿಗೂ ಗೊತ್ತಿರದಿದ್ದುದನ್ನು ಹೋಯಿತು ಎಂದು ಹೇಗೆ ಹೇಳುವುದು? ಗಂಡ ಹೊತ್ತು ಹೊತ್ತಿಗೆ ಗುಳಿಗೆ ಕೊಡುತ್ತಿದ್ದ, ಗಂಜಿ ಕಾಯಿಸುತ್ತಿದ್ದ. ಆ ವಿಷಯ ಮಾತ್ರ ಎತ್ತಲಿಲ್ಲ. ಅವನಿಗೆ ಅದು ಏನೂ ಅಲ್ಲವೇನೋ ಎಂದು ಅವಳು ಅಂದುಕೊಂಡಳು.

ನಡೆಯುವ ದಿನ ಬಂತು. ಡಾಕ್ಟರು ಅರ್ಧ ಗಂಟೆ ನಡಿ ಎಂದು ಸುಲಭವಾಗಿ ಹೇಳಿದ್ದರು. ಹರಿಹರದ ಓಣಿಯಲ್ಲಿ ಹೆಂಗಸೊಬ್ಬಳು ಸುಮ್ಮನೆ ನಡೆಯುವುದು ಹೇಗೆಂದು ಅವರು ಹೇಳಿರಲಿಲ್ಲ. ಮೊದಲ ದಿನ ಬೆಳಿಗ್ಗೆ ಸೆರಗು ಹೊದ್ದು ಹೊರಟಳು. ಮೊದಲ ಕಟ್ಟೆಯಲ್ಲೇ ಪ್ರಶ್ನೆ.

"ಎಲ್ಲಿಗೆ ಹೊಂಟೆ ಸುಗ್ರವ್ವಾ?"

"ಎಲ್ಲಿಗೂ ಇಲ್ಲ. ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ."

ಏಳು ಮನೆಗಳಿಗೆ ಇದೇ ಉತ್ತರ ಕೊಟ್ಟು, ಬಸ್ ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬರುವಷ್ಟರಲ್ಲಿ, ಬೀಬಿಜಾನ್ ಬಾಗಿಲಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಸುತ್ತಲೂ ಹೆಂಗಸರು. ಸೊಸೆ ಅತ್ತೆಯ ಜತೆ ಜಗಳ ಮಾಡಿಕೊಂಡು, ಉಟ್ಟ ಬಟ್ಟೆಯಲ್ಲಿ ಭಾನುವಳ್ಳಿಯ ತವರಿಗೆ ಬಸ್ಸು ಹತ್ತಿದಳೆಂದು ಸುದ್ದಿಯಾಗಿತ್ತು. ಬಸ್ಸಿನ ಕಿಟಕಿಯಲ್ಲಿ ಅವಳ ಮುಖ ಕಂಡವರೂ ಇದ್ದರು.

ಎರಡನೆಯ ದಿನ ಒಂದು ಕೈಚೀಲ ಹಿಡಿದು ಹೊರಟಳು. "ಬೆಲ್ಲ ತರೋಕೆ" ಎಂದಳು. "ಹೆಂಗೂ ಹೊಂಟೀಯಲ್ಲ, ನಮಗೂ ಅರ್ಧ ಕೆಜಿ" ಎಂದರು ಮೊದಲ ಮನೆಯವರು. ನಾಲ್ಕನೆಯ ಮನೆ ದಾಟುವಷ್ಟರಲ್ಲಿ ಮೂರು ಕೆಜಿ ಬೆಲ್ಲ, ಒಂದು ಪೊರಕೆ, ಎರಡು ಸೀಸೆ ಔಷಧಿ ತರುವ ಕೆಲಸ ತಲೆಗೆ ಬಿತ್ತು. ಭಾರ ಎತ್ತಬಾರದು ಎಂದಿದ್ದಾರೆ ಎಂದರೆ, "ಬೆಲ್ಲ ಏನು ಭಾರ?" ಎಂದರು.

ಇದನ್ನು ನೋಡಿ ಮರುಳಸಿದ್ದಮ್ಮ ಮಧ್ಯೆ ಬಂದಳು. "ನಾನು ದಿನಾ ಹೊಳಿ ಕಡೆ ಗುಡಿಗೆ ಹೋಗ್ತೀನಿ. ನನ್ನ ಜತಿಗೆ ಬಾ. ಯಾರಾರ ಕೇಳಿದ್ರೆ, ಮುದುಕಿ ಕೈ ಹಿಡಿದು ಹೊಂಟೀನಿ ಅನ್ನು" ಎಂದಳು. ಅಲ್ಲಿಂದ ಯಾರೂ ಕೇಳಲಿಲ್ಲ. ಮರುಳಸಿದ್ದಮ್ಮ ಗುಡಿಯೊಳಗೆ ಹೋಗಿ ಬರುವವರೆಗೆ ಸುಗ್ರಾಬಿ ಹೊಳೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಬೇಸಿಗೆಯ ತುಂಗಭದ್ರೆ, ಬಂಡೆಗಳ ನಡುವೆ ಅಲ್ಲಲ್ಲಿ ನೀರು.

ನಾಲ್ಕನೆಯ ದಿನ ಮುದುಕಿ ಗುಡಿಗೆ ಹೋಗುವ ಮೊದಲು ತಾನೂ ಮೆಟ್ಟಿಲ ಮೇಲೆ ಕೂತಳು. ಮೊಣಕಾಲು ಒತ್ತಿಕೊಳ್ಳುತ್ತ, ತರಕಾರಿ ರೇಟು ಕೇಳುವಷ್ಟು ಸಹಜವಾಗಿ ಕೇಳಿದಳು.

"ಎಷ್ಟು ದಿನದ್ದಿತ್ತವ್ವಾ?"

"ನಲವತ್ತೊಂಬತ್ತು" ಎಂದಳು ಸುಗ್ರಾಬಿ. ಯೋಚನೆ ಮಾಡುವ ಮೊದಲೇ ಬಾಯಿಂದ ಬಂದಿತ್ತು. ಇಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು.

"ಹೂಂ" ಎಂದಳು ಮರುಳಸಿದ್ದಮ್ಮ. "ಗಿಡ್ಡ ಹುಟ್ಟೋಕಿಂತ ಮುಂಚೆ ನಂಗೂ ಎರಡು ಹೋದ್ವು. ಒಂದು ಮೂರು ತಿಂಗಳಿಂದು, ಇನ್ನೊಂದು ನಾಲ್ಕೂವರೆ. ಯಾರೂ ಒಂದು ಮಾತು ಕೇಳ್ಲಿಲ್ಲ. ಮಾರನೇ ದಿನ ಹೊಲಕ್ಕೆ ಕಳೆ ತೆಗೆಯೋಕೆ ಕಳಿಸಿದ್ರು. ನಂಗಿನ್ನೂ ಲೆಕ್ಕ ಐತೆ. ಇದ್ದಿದ್ರೆ ದೊಡ್ಡದಕ್ಕೆ ಈಗ ಮೂವತ್ತಾರು."

ಸುಗ್ರಾಬಿ ಅಳತೊಡಗಿದಳು. ಆಪರೇಷನ್ ಆದಮೇಲೆ ನೋವಿಗೆ ಅತ್ತಿದ್ದಳು, ನಗು ತಡೆಯಲಾರದೆ ಅತ್ತಿದ್ದಳು. ಈ ಅಳು ಬೇರೆ. ಮುದುಕಿ ಬೆನ್ನ ಮೇಲೆ ಕೈಯಿಟ್ಟು ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಸಮಾಧಾನಕ್ಕೆಂದು ಹೇಳಿದಳು: "ಆಮ್ಯಾಲೆ ಇವನು ಬಂದ ನೋಡು. ಹೋದ ಎರಡರ ಪಾಲನ್ನೂ ತಾನೇ ತಿಂದು ಮೂರು ಮಂದಿಯಷ್ಟು ಬೆಳೆದು ಕೂತಾನೆ."

ಅಳುವಿನ ನಡುವೆ ನಗು ಒತ್ತರಿಸಿ ಬಂತು. ಸುಗ್ರಾಬಿ ಹೊಟ್ಟೆ ಹಿಡಿದುಕೊಂಡು "ದಿಂಬು, ದಿಂಬು!" ಎಂದಳು. ಹೊಳೆಯ ಮೆಟ್ಟಿಲ ಮೇಲೆ ದಿಂಬು ಎಲ್ಲಿಂದ ಬರಬೇಕು? ಮರುಳಸಿದ್ದಮ್ಮ ಗಾಬರಿಯಲ್ಲಿ ಪೂಜೆಯ ಕೈಚೀಲವನ್ನೇ ಅವಳ ಹೊಟ್ಟೆಗೆ ಒತ್ತಿ ಹಿಡಿದಳು.

"ಕಾಯಿ! ಕಾಯಿ ತೆಗೀರಿ ಅಮ್ಮಾ!" ಎಂದು ಸುಗ್ರಾಬಿ ಕೂಗಿದಳು. ತೆಂಗಿನಕಾಯಿ ಸರಿಯಾಗಿ ಹೊಲಿಗೆಯ ಮೇಲೆ ಕೂತಿತ್ತು.

ಐದು ವಾರ ಕಳೆದವು. ಅಕ್ಕನ ಮದುವೆಗೆ ಒಂಬತ್ತೇ ದಿನ ಉಳಿದಿತ್ತು. ಮಿಷನ್ ತುಳಿಯಲು ಇನ್ನೂ ಮೂರು ವಾರ ಬಾಕಿ. ಒಂದು ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದ ಅಲ್ಲಾಬಕ್ಷ ಶಾಪಿನ ಬಾಗಿಲು ಹಾಕಿ ಪಡಸಾಲೆಗೆ ಬಂದ. "ಹೊಲಿಯೋದು ಕೈ, ತುಳಿಯೋದು ಕಾಲು. ಕೈ ನಿಂದು, ಕಾಲು ನಂದು" ಎಂದ.

ಮೊದಲು ಅವಳ ಪಕ್ಕ ಸ್ಟೂಲು ಹಾಕಿಕೊಂಡು ಕಾಲು ಚಾಚಿ ತುಳಿದ. ಮಿಷನ್ನು ಹಿಂದಕ್ಕೆ ತಿರುಗಿ ದಾರ ಕಿತ್ತಿತು. ಕೊನೆಗೆ ಅವನು ನೆಲದ ಮೇಲೆ ಮಿಷನ್ನಿನ ಅಡಿಯಲ್ಲೇ ಕೂತು ಎರಡೂ ಕೈಯಿಂದ ಪೆಡಲ್ಲು ಒತ್ತತೊಡಗಿದ. ಒತ್ತಿದ್ದು ಪಂಪು ಒತ್ತುವ ಜೋರಿನಲ್ಲಿ. ಹಸಿರು ಜರಿಯ ತೋಳು ಒಂದು ಉಸಿರಿಗೆ ಆ ತುದಿಯಿಂದ ಈ ತುದಿಗೆ ಓಡಿ ಮೇಜಿನಿಂದ ಕೆಳಗೆ ಬಿತ್ತು.

"ನಿಧಾನ್ರೀ! ಇದೇನು ಲಾರಿ ಟೈರಾ?"

"ನೀನು ನಿಲ್ಸು ಅಂದ್ರೆ ತಾನೇ ನಾನು ನಿಲ್ಸೋದು? ಮೇಲೆ ಏನು ನಡೆದೈತೋ ನಂಗೆ ಕಾಣಂಗಿಲ್ಲ."

ಒಂದೆರಡು ಜಂಪರಿನ ಮೈ ಹಾಳಾದ ಮೇಲೆ ಲಯ ಸಿಕ್ಕಿತು. ಅವಳು "ಹೂಂ" ಎಂದರೆ ಒತ್ತುವುದು, "ಹಾಂ" ಎಂದರೆ ನಿಲ್ಲಿಸುವುದು. ಅವನಿಗೆ ಅವಳ ಪಾದ ಕಾಣುತ್ತಿತ್ತು, ಅವಳಿಗೆ ಅವನ ಟೋಪಿಯ ಅಂಚು. ಮುಖ ಇಬ್ಬರಿಗೂ ಕಾಣುತ್ತಿರಲಿಲ್ಲ. ಅರ್ಧ ಗಂಟೆ ಹೀಗೆ ನಡೆಯಿತು. ಆಮೇಲೆ ಕೆಳಗಿನಿಂದ ಮಾತು ಬಂತು.

"ಸುಗ್ರಾ, ನಂಗ್ಯಾಕ ಹೇಳ್ಲಿಲ್ಲ ನೀನು?"

ಅವಳ ಕೈ ನಿಂತಿತು. "ಎರಡು ಸಲ ಸುಳ್ಳಾಗಿತ್ತಲ್ಲ. ಈ ಸಲ ಖಾತ್ರಿ ಆಗ್ಲಿ ಅಂತ. ಇನ್ನೊಂದು ಹತ್ತು ದಿನ ಬಿಟ್ಟು ಹೇಳೋಳಿದ್ದೆ."

ಅವನು ಪೆಡಲ್ಲಿನಿಂದ ಕೈ ತೆಗೆದ.

"ಆ ಡಾಕ್ಟ್ರಮ್ಮ ಹೊರಗೆ ಬಂದು, ನಿನ್ನ ಹೆಂಡ್ತಿ ಬಸುರಿ ಅಂದ್ರು" ಎಂದ ಅಲ್ಲಾಬಕ್ಷ. "ಅಷ್ಟು ಹೇಳಿ ಉಸಿರು ತಗೊಂಡ್ರು. ಆ ಉಸಿರು ತಗೊಳ್ಳೋವಷ್ಟು ಹೊತ್ತು ನಂಗೆ ಖುಷಿ ಆತು ಸುಗ್ರಾ. ನೀನು ಒಳಗೆ ಸಾಯ್ತಾ ಬಿದ್ದಿದ್ದೆ. ನಾನು ಹೊರಗೆ ಖುಷಿ ಪಟ್ಟೆ. ಆವತ್ತಿನಿಂದ ನಿನ್ನ ಮುಖ ನೋಡೋಕೆ ನಂಗೆ ನಾಚ್ಕೆ."

ಸುಗ್ರಾಬಿ ಸೂಜಿಯ ಕೆಳಗಿನಿಂದ ಬಟ್ಟೆ ಬಿಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು. "ಹೆಂಗಿತ್ತು?"

"ಏನು?"

"ಆ ಖುಷಿ. ನಂಗೆ ಮೂರು ವಾರ ಇತ್ತು. ನಿಮಗೆ ಒಂದು ಉಸಿರಿನಷ್ಟು. ಆದ್ರೂ 'ಹೆಂಗಿತ್ತು' ಅಂತ ಹೇಳ್ರಿ. ನಾನೊಬ್ಬಳೇ ಪಟ್ಟಿದ್ದು ಅನ್ಕೊಂಡಿದ್ದೆ."

ಅಲ್ಲಾಬಕ್ಷ ಹೇಳಲು ಹೋದ. ಮಿಷನ್ನಿನ ಅಡಿಯಲ್ಲಿ ಮೊಣಕಾಲಿಗೆ ಮುಖವಿಟ್ಟು ಬಿಕ್ಕಿದ. ಅವಳು ಮೇಲಿನಿಂದ ಕೈ ಇಳಿಬಿಟ್ಟು ಅವನ ತಲೆ ಹುಡುಕಿದಳು. ಟೋಪಿ ಸಿಕ್ಕಿತು.

ಅಷ್ಟರಲ್ಲಿ ಬೀಬಿಜಾನ್ ಹಿತ್ತಲಿನಿಂದ ಒಳಗೆ ಬಂದಳು. ಮಿಷನ್ನಿನ ಕೆಳಗೆ ಮಗ ಅಳುತ್ತಿದ್ದಾನೆ, ಮೇಲೆ ಸೊಸೆ ಅಳುತ್ತಿದ್ದಾಳೆ. "ಬೆರಳು ಹೋತಾ? ಎಷ್ಟು ಬೆರಳು?" ಎಂದು ಚೀರಿ, ಮಗನನ್ನು ಕಾಲು ಹಿಡಿದು ಹೊರಗೆಳೆದು ಹತ್ತೂ ಬೆರಳು ಎಣಿಸಿದಳು. ಹತ್ತೂ ಇದ್ದವು. ಮತ್ತೊಮ್ಮೆ ಎಣಿಸಿದಳು. ಆಮೇಲೆ ಯಾಕೆ ಅಳುತ್ತಿದ್ದೀರಿ ಎಂದು ಕೇಳಿದಾಗ ಸುಗ್ರಾಬಿ ಎಲ್ಲ ಹೇಳಿದಳು, ಸಕ್ಕರೆ ಹಂಚಿದ್ದರಿಂದಲೇ ಮುಚ್ಚಿಟ್ಟೆ ಎಂಬುದನ್ನೂ. ಬೀಬಿಜಾನ್ ಎದ್ದು ಒಳಗೆ ಹೋದಳು. ಸಂಜೆ ಚಹಾ ತಂದುಕೊಟ್ಟು, "ಇನ್ಮುಂದೆ ನನ್ನ ಬಾಯಿಂದ ಒಂದು ಮಾತು ಹೊರಗೆ ಹೋಗಂಗಿಲ್ಲ ಬೇಟಿ" ಎಂದಳು. ಅವಳ ಕಣ್ಣೂ ಕೆಂಪಾಗಿತ್ತು.

ಅಕ್ಕನ ಆರು ಜಂಪರುಗಳು ಮದುವೆಯ ಹಿಂದಿನ ದಿನ ಬಂದವು. ಹಸಿರು ಜರಿಯದರ ಬಲಗಂಕುಳಲ್ಲಿ ಹೊಲಿಗೆ ಹಾವಿನಂತೆ ಸೊಟ್ಟಗಿತ್ತು. ಅಕ್ಕ ಮುಹೂರ್ತಕ್ಕೆ ಅದನ್ನೇ ತೊಟ್ಟಳು. ಕೈ ಎತ್ತಬೇಡ ಎಂದು ತಾಯಿ ಅವಳಿಗೆ ಮಂಟಪದಲ್ಲಿ ಹೇಳುತ್ತಲೇ ಇದ್ದಳು.

ಎರಡು ತಿಂಗಳು ತುಂಬಿದ ಮೇಲೆ ದಾವಣಗೆರೆಗೆ ಹೋಗಿ ತೋರಿಸಿಕೊಂಡು ಬಂದರು. ಹೊಲಿಗೆ ಕೂಡಿದೆ, ರಕ್ತ ಸರಿಹೋಗಿದೆ ಎಂದರು ಡಾಕ್ಟರು. ಒಂದು ವರ್ಷ ಬಿಟ್ಟು ಮುಂದಿನದು, ದಿನ ತಪ್ಪಿದರೆ ಒಂದು ವಾರವೂ ಕಾಯದೆ ಬರಬೇಕು, ಜಾಗ ಸರಿಯಾಗಿದೆಯೋ ನೋಡಬೇಕು ಎಂದರು. ಸುಗ್ರಾಬಿ ಮಾರನೆಯ ದಿನದಿಂದ ಮಿಷನ್ ತುಳಿದಳು. ಮೊದಲ ಕೆಲವು ತಿಂಗಳು ಎಳೆಗೂಸಿನ ಬಟ್ಟೆ ಹೊಲಿಯಲು ಯಾರಾದರೂ ಕೊಟ್ಟರೆ ಬಿಚ್ಚಿ ನೋಡದೆ ಪಕ್ಕಕ್ಕೆ ಇಡುತ್ತಿದ್ದಳು. ಅಂಥ ದಿನ ಸಂಜೆ ಮರುಳಸಿದ್ದಮ್ಮನ ಜತೆ ಹೊಳೆಯ ಕಡೆ ಹೋಗಿ ಬರುತ್ತಿದ್ದಳು. ಮಾತು ಇರಲಿ ಬಿಡಲಿ, ಬಂದ ಮೇಲೆ ಹೊಲಿಯುತ್ತಿದ್ದಳು.

1980ರ ಕೊನೆಯಲ್ಲಿ ಮತ್ತೆ ದಿನ ತಪ್ಪಿತು. ಈ ಸಲ ಐದನೆಯ ದಿನವೇ ಗಂಡನಿಗೆ ಹೇಳಿದಳು. ಡಾಕ್ಟರು ವಾರಕ್ಕೊಮ್ಮೆ ಕರೆಸಿ ಪರೀಕ್ಷಿಸಿ, "ಜಾಗ ಸರಿಯಾಗಿದೆ" ಎಂದರು. ಅಲ್ಲಾಬಕ್ಷ ಅದನ್ನು ಮೂರು ಸಲ ಹೇಳಿಸಿಕೊಂಡ. ಬೀಬಿಜಾನ್ ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ. ಆದರೆ ಒಳಗಿಟ್ಟುಕೊಳ್ಳುವುದು ಅವಳ ಮೈಗೆ ಆಗಿಬರಲಿಲ್ಲ. ಊಟ ಸೇರದೆ, ನಿದ್ದೆ ಬಾರದೆ ಇಳಿದುಹೋದಳು. ಬಸುರಿ ಸೊಸೆಯೇ ಅತ್ತೆಗೆ ಓಮಿನ ಕಾಳಿನ ನೀರು ಕಾಯಿಸಿ ಕೊಡಬೇಕಾಯಿತು.

1981ರ ಫೆಬ್ರವರಿಯಲ್ಲಿ ಜನಗಣತಿಗೆ ಒಬ್ಬ ಮೇಷ್ಟರು ಬಂದರು. ಪಡಸಾಲೆಯಲ್ಲಿ ಕೂತು, ಉದ್ದನೆಯ ಕಾಗದ ಬಿಚ್ಚಿ, ಮಕ್ಕಳೆಷ್ಟು ಎಂದು ಕೇಳಿದರು.

"ಇಲ್ಲ ಅಂತ ಬರ್ಕೊಳ್ರಿ" ಎಂದಳು ಬೀಬಿಜಾನ್, ತುಟಿ ಬಿಗಿಹಿಡಿದು.

"ಒಂದಿತ್ತು ಮೇಷ್ಟ್ರೇ, ಉಳೀಲಿಲ್ಲ" ಎಂದಳು ಸುಗ್ರಾಬಿ. "ಇನ್ನೊಂದು ಐತೆ. ಇನ್ನೂ ಬಂದಿಲ್ಲ."

ಮೇಷ್ಟರು ಪೆನ್ನು ಎತ್ತಿ ಹಿಡಿದು ಕಾಗದದ ಮೇಲಿನಿಂದ ಕೆಳಗಿನವರೆಗೆ ಹುಡುಕಿದರು. "ಅವೆರಡಕ್ಕೂ ಇದರಾಗೆ ಜಾಗ ಇಲ್ಲವ್ವಾ" ಎಂದರು, ಬೇಸರದಿಂದಲೇ. "ಹುಟ್ಟಿದ್ದು ಮಾತ್ರ ಬರೀಬೇಕು."

"ಬರೀಬ್ಯಾಡ್ರಿ. ನೀವು ಕೇಳಿದ್ರಿ, ಹೇಳಿದೆ."

ಇಷ್ಟು ಹೊತ್ತಿಗೆ ಬೀಬಿಜಾನ್ ಎದ್ದು ನಿಂತಿದ್ದಳು. ಸೊಸೆಯೇ ಪರವೂರಿನ ಗಂಡಸಿನ ಮುಂದೆ ಹೇಳಿದ ಮೇಲೆ ತನ್ನ ಮಾತಿನ ಕಟ್ಟು ಮುಗಿಯಿತೆಂದು ಅವಳ ಲೆಕ್ಕ. "ನಾಲ್ಕು ತಿಂಗಳು! ನಾಲ್ಕು ತಿಂಗಳು ಆಗೈತ್ರೇ!" ಎಂದು ಕೂಗುತ್ತ ಬೀದಿಗೆ ಓಡಿದಳು. ಅವತ್ತು ರಾತ್ರಿ ಅವಳು ಮೂರು ರೊಟ್ಟಿ ಉಂಡು ಗೊರಕೆ ಹೊಡೆದಳಂತೆ.

ಜುಲೈನಲ್ಲಿ ಅದೇ ನರ್ಸಿಂಗ್ ಹೋಮಿನಲ್ಲಿ ಹೆಣ್ಣು ಮಗು ಹುಟ್ಟಿತು. ಜೈತುನ್ ಎಂದು ಹೆಸರಿಟ್ಟರು. ಮಗುವನ್ನು ಎತ್ತಿಕೋ ಎಂದು ನರ್ಸು ಕೊಡಲು ಬಂದರೆ ಅಲ್ಲಾಬಕ್ಷ ಎರಡೂ ಕೈ ಹಿಂದೆ ಕಟ್ಟಿಕೊಂಡ. ಉಗುರಿನ ಸಂದಿಯಲ್ಲಿ ಗ್ರೀಸು. ಹೊರಗೆ ಓಡಿ ಅಂಗಡಿಯಿಂದ ಸೀಮೆಎಣ್ಣೆ ತಂದು ತಿಕ್ಕಿದ, ಸೋಪಿನಿಂದ ತೊಳೆದ, ಮೂಸಿ ನೋಡಿದ, ಮತ್ತೆ ತೊಳೆದ. ಅರ್ಧ ಗಂಟೆಯ ಮೇಲೆ ಬಂದು ಕೈ ಚಾಚಿದ. ನನ್ನ ತಾಯಿ ಮೂರನೆಯ ದಿನ ನೋಡಲು ಹೋದಾಗಲೂ ಆ ಕೂಸು ಸಣ್ಣಗೆ ಸೀಮೆಎಣ್ಣೆ ವಾಸನೆ ಹೊಡೆಯುತ್ತಿತ್ತು.